ಉದ್ಯೋಗ ಕೊಟ್ಟವರ ಜೊತೆಗೆ ಯಾರಿದ್ದಾರೆ? ವಿಕಲಚೇತನರನ್ನು ನೇಮಿಸಿಕೊಳ್ಳುವ ಉದ್ಯೋಗದಾತರಿಗೆ ಹೊರಗಿನ ಬೆಂಬಲ: ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮೀಣ ಮತ್ತು ನಗರ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಅಧ್ಯಯನಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಪಾಠವನ್ನು ಓದಿ ಚರ್ಚಿಸಿದ ನಂತರ ಅಭ್ಯಾಸಿಗಳು ಮೂರು ಸಂಗತಿಗಳನ್ನು ಅರಿತಿರಬೇಕು. ಒಂದು, ವಿಕಲಚೇತನರಿಗೆ ಕೆಲಸ ಕೊಡುವ ಉದ್ಯೋಗದಾತರಿಗೆ ಯಾವ ಯಾವ ಬಗೆಯ ಬೆಂಬಲ ಅಗತ್ಯ. ಎರಡು, ಆ ಬೆಂಬಲ ಎಲ್ಲೆಲ್ಲಿ ದೊರೆಯುತ್ತದೆ. ಮೂರು, ಅದನ್ನು ಗಿರಣಿಯ ಅಥವಾ ಕಾರ್ಖಾನೆಯ ಬಾಗಿಲವರೆಗೆ ತಲುಪಿಸುವಲ್ಲಿ ಪಂಚಾಯಿತಿಯ ಪಾತ್ರವೇನು.

1. ಹಿನ್ನೆಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಇದು ಒಟ್ಟು ಜನಸಂಖ್ಯೆಯ ಶೇ. 2.21. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ದೇಶದ ಒಟ್ಟು ವಿಕಲಚೇತನರಲ್ಲಿ ಯಾವುದಾದರೂ ದುಡಿಮೆಯಲ್ಲಿ ತೊಡಗಿದ್ದವರು ಶೇ. 36ರಷ್ಟು ಮಾತ್ರ. ಉಳಿದವರಲ್ಲಿ ಮಕ್ಕಳೂ ವೃದ್ಧರೂ ಇದ್ದಾರೆ, ನಿಜ. ಆದರೆ ದುಡಿಯುವ ವಯಸ್ಸಿನಲ್ಲಿದ್ದು, ದುಡಿಯುವ ಇಚ್ಛೆಯೂ ಶಕ್ತಿಯೂ ಇದ್ದು, ಮನೆಯಲ್ಲೇ ಉಳಿದವರ ಸಂಖ್ಯೆ ಚಿಕ್ಕದಲ್ಲ.

ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳಲ್ಲಿ ಕೆಲಸದ ಅವಕಾಶಗಳಿಗೆ ತೀರಾ ಬರವಿಲ್ಲ. ಕಾವೇರಿ ಮತ್ತು ಕಪಿಲಾ ನದಿಗಳ ನಾಲೆಗಳು ಹರಿಯುವ ತಿ. ನರಸೀಪುರ ತಾಲ್ಲೂಕಿನಲ್ಲಿ ಭತ್ತ ಮುಖ್ಯ ಬೆಳೆ. ಅದನ್ನು ಅವಲಂಬಿಸಿ ಅಕ್ಕಿ ಗಿರಣಿಗಳು, ದಾಸ್ತಾನು ಮಳಿಗೆಗಳು, ಸಗಟು ಅಂಗಡಿಗಳು ನಡೆಯುತ್ತಿವೆ. ಮೈಸೂರು ರೇಷ್ಮೆ ಸೀರೆಗೆ ನೂಲು ಒದಗಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಘಟಕವೂ ಇದೇ ಪಟ್ಟಣದಲ್ಲಿದೆ. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವಿದ್ದು, ಆಹಾರ ಪದಾರ್ಥ, ಔಷಧ, ಕಾಗದ, ಸಕ್ಕರೆ, ಬಣ್ಣ ಮುಂತಾದವನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ತಾಲ್ಲೂಕಿನಲ್ಲಿವೆ. ಅವುಗಳ ಸುತ್ತ ಸಾಗಣೆ, ಪ್ಯಾಕಿಂಗ್, ಅಡುಗೆ, ತೋಟಗಾರಿಕೆ, ಸ್ವಚ್ಛತೆ ಮುಂತಾದ ಸಣ್ಣ ಗುತ್ತಿಗೆಗಳು ಹಬ್ಬಿವೆ. ಬದನವಾಳಿನ ಖಾದಿ ಕೇಂದ್ರದಂತಹ ಗ್ರಾಮೋದ್ಯೋಗದ ಪರಂಪರೆಯೂ ಈ ತಾಲ್ಲೂಕಿಗಿದೆ.

ಹೀಗಿದ್ದರೂ ವಿಕಲಚೇತನರ ನೇಮಕ ವಿರಳ. ಉದ್ಯೋಗದಾತರ ಮನಸ್ಸು ಕಠಿಣವೆಂಬುದೇ ಇದಕ್ಕೆ ಕಾರಣವೆಂದು ತಿಳಿಯುವುದು ಪೂರ್ಣ ಸತ್ಯವಲ್ಲ. ಕರುಣೆಯಿಂದಲೋ ಪರಿಚಯದಿಂದಲೋ ನೇಮಿಸಿಕೊಂಡವರೂ ಎರಡು ಮೂರು ತಿಂಗಳಲ್ಲಿ ಕೈಬಿಡುವುದುಂಟು. ಅಂತಹ ಕಡೆ ಕೆಲಸಗಾರನ ಅಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಒಂದು ಚಿಕ್ಕ ತೊಡಕು ಎದುರಾದಾಗ ಯಾರನ್ನು ಕೇಳಬೇಕೆಂಬುದು ಇಬ್ಬರಿಗೂ ತಿಳಿಯದಿರುವುದೇ ಕೆಲಸ ತಪ್ಪಲು ಕಾರಣವಾಗಿರುತ್ತದೆ. ಒಮ್ಮೆ ಹೀಗೆ ಕೈಬಿಟ್ಟ ಉದ್ಯೋಗದಾತ ಮತ್ತೊಬ್ಬ ವಿಕಲಚೇತನನನ್ನು ನೇಮಿಸಿಕೊಳ್ಳಲು ಮುಂದಾಗುವುದಿಲ್ಲ; ಒಮ್ಮೆ ಹೀಗೆ ಹೊರಬಂದ ಯುವಕ ಅಥವಾ ಯುವತಿ ಮತ್ತೊಂದು ಬಾಗಿಲು ತಟ್ಟುವುದಿಲ್ಲ. ಹೊರಗಿನ ಬೆಂಬಲದ ವಿಷಯ ಮಹತ್ವ ಪಡೆಯುವುದು ಈ ಕಾರಣದಿಂದ.

2. ಕಾನೂನಿನ ನೆಲೆ

ವಿಶ್ವಸಂಸ್ಥೆಯು 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಆ ಒಡಂಬಡಿಕೆಯ 27ನೆಯ ಅನುಚ್ಛೇದವು ದುಡಿಮೆಯ ಹಕ್ಕಿಗೆ ಸಂಬಂಧಿಸಿದ್ದು. ಅದಕ್ಕೆ ಅನುಗುಣವಾಗಿ ರೂಪುಗೊಂಡ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ನಮ್ಮ ದೇಶದಲ್ಲಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಉದ್ಯೋಗದಾತರ ದೃಷ್ಟಿಯಿಂದ ಮುಖ್ಯವಾದ ಕಲಮುಗಳು ಹೀಗಿವೆ.

ಕಲಂ 2ರಲ್ಲಿ ‘ಯುಕ್ತ ಹೊಂದಾಣಿಕೆ’ ಎಂಬ ಪರಿಕಲ್ಪನೆಯನ್ನು ನಿರೂಪಿಸಲಾಗಿದೆ. ವಿಕಲಚೇತನ ವ್ಯಕ್ತಿಯು ಇತರರೊಡನೆ ಸಮಾನವಾಗಿ ಹಕ್ಕುಗಳನ್ನು ಅನುಭವಿಸಲು ಬೇಕಾದ, ಆದರೆ ಎದುರಿನವರ ಮೇಲೆ ಅತಿಯಾದ ಹೊರೆ ಹೇರದ ಮಾರ್ಪಾಡುಗಳೇ ಯುಕ್ತ ಹೊಂದಾಣಿಕೆ. ಇಂತಹ ಹೊಂದಾಣಿಕೆಯು ಒಬ್ಬೊಬ್ಬ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಇರಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಕಲಂ 21ರಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ತರಬೇತಿ, ವಿಶೇಷ ರಜೆ, ಸಹಾಯಕ ಸಾಧನಗಳು, ಸಂಪರ್ಕಾಧಿಕಾರಿಯ ನೇಮಕ ಇವೆಲ್ಲ ಇರಬೇಕೆಂದು 2017ರ ನಿಯಮಗಳು ಹೇಳುತ್ತವೆ. 20ಕ್ಕಿಂತ ಕಡಿಮೆ ನೌಕರರಿರುವ ಕಡೆ ಒದಗಿಸುವ ಸೌಲಭ್ಯಗಳನ್ನು ನಮೂದಿಸಿದರೆ ಸಾಕು.

ಕಲಂ 34ರಂತೆ ಸರ್ಕಾರಿ ಸಂಸ್ಥೆಗಳಲ್ಲಿ ಶೇ. 4ಕ್ಕೆ ಕಡಿಮೆಯಿಲ್ಲದ ಹುದ್ದೆಗಳು ಮೀಸಲು. ಖಾಸಗಿ ವಲಯಕ್ಕೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಅಲ್ಲಿಗೆ ಅನ್ವಯಿಸುವುದು ಕಲಂ 35. ಖಾಸಗಿ ಉದ್ಯೋಗದಾತರ ಬಳಿ ದುಡಿಯುವವರಲ್ಲಿ ಶೇ. 5ರಷ್ಟಾದರೂ ಮಂದಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಾಗಿರುವಂತೆ ಮಾಡಲು ಸಮುಚಿತ ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಪ್ರೋತ್ಸಾಹ ನೀಡತಕ್ಕದ್ದು ಎಂಬುದು ಅದರ ಸಾರ.

ಇಲ್ಲಿ ಅಭ್ಯಾಸಿಗಳು ‘ಸ್ಥಳೀಯ ಪ್ರಾಧಿಕಾರ’ ಎಂಬ ಪದದ ಮೇಲೆ ನಿಲ್ಲಬೇಕು. ಅಧಿನಿಯಮದ ಪರಿಭಾಷೆಯಲ್ಲಿ ಪಂಚಾಯಿತಿ ಮತ್ತು ನಗರಸಭೆಗಳೆರಡೂ ಸ್ಥಳೀಯ ಪ್ರಾಧಿಕಾರಗಳೇ. ಉದ್ಯೋಗದಾತರನ್ನು ಪ್ರೋತ್ಸಾಹಿಸುವುದು ದೆಹಲಿ ಅಥವಾ ಬೆಂಗಳೂರಿನ ಕೆಲಸವೆಂದು ಪಂಚಾಯಿತಿ ಸುಮ್ಮನಿರುವಂತಿಲ್ಲ. ಹಣದ ಪ್ರೋತ್ಸಾಹ ಪಂಚಾಯಿತಿಯ ಶಕ್ತಿಗೆ ಮೀರಿದ್ದಾಗಿರಬಹುದು. ಆದರೆ ಮಾಹಿತಿ, ಸಂಪರ್ಕ ಮತ್ತು ನಿರಂತರ ಭೇಟಿ ಅದರ ಶಕ್ತಿಯೊಳಗೇ ಇವೆ. ಉದ್ಯೋಗದಾತರಿಗೆ ಮೊದಲು ಬೇಕಾಗುವುದೂ ಇವೇ.

3. ಬೆಂಬಲದ ಐದು ಬಗೆಗಳು

ಉದ್ಯೋಗದಾತರಿಗೆ ಬೇಕಾದ ಬೆಂಬಲವನ್ನು ಕೆಲಸದ ಹಂತಗಳಿಗೆ ಅನುಸಾರವಾಗಿ ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಕೆಲಸದ ವಿಶ್ಲೇಷಣೆ. ‘ಗಿರಣಿಯ ಕೆಲಸ’ ಎಂಬುದು ಒಂದೇ ಕೆಲಸವಲ್ಲ. ಭತ್ತ ಇಳಿಸುವುದು, ಒಣಗಿಸುವುದು, ಯಂತ್ರಕ್ಕೆ ಸುರಿಯುವುದು, ತೂಗುವುದು, ಚೀಲ ತುಂಬುವುದು, ಚೀಲದ ಬಾಯಿ ಹೊಲಿಯುವುದು, ಲೆಕ್ಕ ಬರೆಯುವುದು ಎಂದು ಅದು ಏಳೆಂಟಾಗಿ ಬಿಡಿಸಿಕೊಳ್ಳುತ್ತದೆ. ಗಾಲಿಕುರ್ಚಿ ಬಳಸುವವರು ಭಾರ ಹೊರಲಾರರು. ಆದರೆ ತೂಕದ ಮೇಜಿನಲ್ಲಿ ಕುಳಿತು ಲೆಕ್ಕ ಬರೆಯಬಲ್ಲರು. ಶ್ರವಣದೋಷವುಳ್ಳವರಿಗೆ ಫೋನಿನ ಕೆಲಸ ಕಷ್ಟ. ಚೀಲ ಹೊಲಿಯುವ ಯಂತ್ರದ ಮುಂದೆ ಅವರಿಗೆ ಯಾವ ತೊಡಕೂ ಇರಲಾರದು. ಬೌದ್ಧಿಕ ವೈಕಲ್ಯವುಳ್ಳವರಿಗೆ ದಿನಕ್ಕೊಂದು ಬಗೆಯ ಕೆಲಸ ಗೊಂದಲ ತರುತ್ತದೆ. ಒಂದೇ ಕ್ರಮದ ಕೆಲಸವನ್ನು ಚಿತ್ರಗಳ ಹಲಗೆಯ ನೆರವಿನಿಂದ ಕಲಿತರೆ ಅವರು ಅದನ್ನು ತಪ್ಪದೆ ಮಾಡಬಲ್ಲರು. ಹೀಗೆ ಕೆಲಸವನ್ನು ಬಿಡಿಸಿ ನೋಡುವುದಕ್ಕೆ ಅನುಭವ ಬೇಕು. ಸಾಮಾನ್ಯವಾಗಿ ಗಿರಣಿಯ ಮಾಲೀಕರಲ್ಲಿ ಅದು ಇರುವುದಿಲ್ಲ.

ಎರಡನೆಯದು, ಸೂಕ್ತ ವ್ಯಕ್ತಿಯ ಪರಿಚಯ. ಕೆಲಸಕ್ಕೆ ಒಪ್ಪುವ ಕೌಶಲವುಳ್ಳವರು ಯಾವ ಗ್ರಾಮದಲ್ಲಿದ್ದಾರೆ, ಅವರ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ ಸಿದ್ಧವಿದೆಯೇ ಎಂಬ ಮಾಹಿತಿ ಉದ್ಯೋಗದಾತರಿಗೆ ಒಂದೇ ಕಡೆ ದೊರೆಯಬೇಕು.

ಮೂರನೆಯದು, ಸ್ಥಳದ ಮತ್ತು ಸಾಧನಗಳ ಹೊಂದಾಣಿಕೆ. ಒಂದು ಇಳಿಜಾರು, ಕೈಹಿಡಿಕೆಯಿರುವ ಶೌಚಾಲಯ, ದೊಡ್ಡ ಅಂಕಿಗಳ ತೂಕದ ಯಂತ್ರ, ಸೈರನ್ನಿನ ಜೊತೆಗೆ ಬೆಳಗುವ ದೀಪ, ಓದಿ ಹೇಳುವ ತಂತ್ರಾಂಶವಿರುವ ಗಣಕಯಂತ್ರ ಇವು ಉದಾಹರಣೆಗಳು.

ನಾಲ್ಕನೆಯದು, ಸಹೋದ್ಯೋಗಿಗಳ ಸಿದ್ಧತೆ. ಹತ್ತು ಸನ್ನೆಗಳನ್ನು ಕಲಿಸುವುದು, ಅಂಧ ವ್ಯಕ್ತಿಯ ಕೈಹಿಡಿದು ಎಳೆಯದೆ ತೋಳು ನೀಡುವುದನ್ನು ತಿಳಿಸುವುದು, ಅಡ್ಡಹೆಸರಿನಿಂದ ಕರೆಯಬಾರದೆಂದು ಮನವರಿಕೆ ಮಾಡುವುದು ಇದರಲ್ಲಿ ಸೇರುತ್ತವೆ. ಅರ್ಧ ದಿನದ ಈ ಕೆಲಸವನ್ನು ಕೈಬಿಟ್ಟ ಕಡೆ ಉಳಿದ ಸಿದ್ಧತೆಗಳೂ ವ್ಯರ್ಥವಾಗುವುದುಂಟು.

ಐದನೆಯದು, ನೇಮಕದ ನಂತರದ ಅನುಸರಣೆ. ಮೊದಲ ವಾರ, ಮೊದಲ ತಿಂಗಳು, ಮೂರನೆಯ ತಿಂಗಳು ಮತ್ತು ಆರನೆಯ ತಿಂಗಳಲ್ಲಿ ಹೊರಗಿನವರೊಬ್ಬರು ಬಂದು ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳುವುದೇ ಅನುಸರಣೆ. ಇವುಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ನಿರ್ಲಕ್ಷಿತವೂ ಆದ ಬೆಂಬಲ ಇದೇ.

4. ಬೆಂಬಲ ಎಲ್ಲಿ ದೊರೆಯುತ್ತದೆ?

ಗ್ರಾಮ ಮತ್ತು ತಾಲ್ಲೂಕು ಮಟ್ಟದಲ್ಲಿ: ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಯಡಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರನ್ನು ವಿಕಲಚೇತನರ ನಡುವಿನಿಂದಲೇ ಆಯ್ಕೆ ಮಾಡಲಾಗುತ್ತದೆ. ಮನೆಮನೆಯ ಪರಿಚಯವೂ ವೈಕಲ್ಯದ ಸ್ವಂತ ಅನುಭವವೂ ಇರುವ ಇವರಿಗಿಂತ ಉತ್ತಮ ಸೇತುವೆ ಉದ್ಯೋಗದಾತರಿಗೆ ಸಿಗಲಾರದು. ಇವರನ್ನು ಪಿಂಚಣಿ ಅರ್ಜಿ ಮತ್ತು ಸಮೀಕ್ಷೆಗಳಿಗೆ ಮಾತ್ರ ಸೀಮಿತಗೊಳಿಸದೆ ಉದ್ಯೋಗದ ಕೆಲಸದಲ್ಲಿಯೂ ತೊಡಗಿಸುವುದು ಅವಶ್ಯ.

ಜಿಲ್ಲಾ ಮಟ್ಟದಲ್ಲಿ: ಮೈಸೂರಿನಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಾಧನ ಸಲಕರಣೆ, ಯಂತ್ರಚಾಲಿತ ದ್ವಿಚಕ್ರ ವಾಹನ, ಸ್ವಯಂ ಉದ್ಯೋಗದ ‘ಆಧಾರ’ ಯೋಜನೆ ಮೊದಲಾದವುಗಳ ಮಾಹಿತಿ ದೊರೆಯುತ್ತದೆ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಉದ್ಯೋಗದಾತರೊಡನೆ ಈಗಾಗಲೇ ಸಂಪರ್ಕವುಳ್ಳ ಕಚೇರಿಗಳು. ಉದ್ಯೋಗಿಗಳ ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮಾ ನಿಗಮದ ಕಚೇರಿಗಳೂ ಮೈಸೂರಿನಲ್ಲಿವೆ.

ವಾಕ್ ಮತ್ತು ಶ್ರವಣದ ವಿಷಯದಲ್ಲಿ ಮೈಸೂರು ಜಿಲ್ಲೆಗೆ ದೇಶದ ಬಹುತೇಕ ಜಿಲ್ಲೆಗಳಿಗಿಲ್ಲದ ಅನುಕೂಲವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಶ್ರವಣ ಪರೀಕ್ಷೆ, ಶ್ರವಣಸಾಧನದ ಆಯ್ಕೆ, ವಾಕ್ ಚಿಕಿತ್ಸೆ ಅಲ್ಲಿ ದೊರೆಯುತ್ತವೆ. ಕಾರ್ಖಾನೆಯ ಗದ್ದಲದಲ್ಲಿ ಶ್ರವಣಸಾಧನ ಕಿರಿಕಿರಿ ಮಾಡುತ್ತಿದ್ದರೆ ಅದನ್ನು ಬಿಚ್ಚಿಟ್ಟು ಸುಮ್ಮನಾಗುವುದಕ್ಕಿಂತ ಅಲ್ಲಿಗೆ ಒಯ್ದು ತೋರಿಸುವುದು ಒಳ್ಳೆಯದು. ಮೈಸೂರಿನ ಜೆ.ಎಸ್.ಎಸ್. ವಿಕಲಚೇತನರ ಪಾಲಿಟೆಕ್ನಿಕ್ 1991ರಿಂದ ಡಿಪ್ಲೊಮಾ ಶಿಕ್ಷಣ ನೀಡುತ್ತಿದೆ. ತಾಂತ್ರಿಕ ಅರ್ಹತೆಯುಳ್ಳವರು ಬೇಕಾದ ನಂಜನಗೂಡಿನ ಕಾರ್ಖಾನೆಗಳು ಮೊದಲು ಸಂಪರ್ಕಿಸಬಹುದಾದ ಸ್ಥಳವಿದು. ಸ್ವಯಂ ಉದ್ಯೋಗದ ಅಲ್ಪಾವಧಿ ತರಬೇತಿಗೆ ಮೈಸೂರಿನ ರುಡ್‌ಸೆಟ್ ಸಂಸ್ಥೆ ಇದೆ.

ರಾಜ್ಯ ಮಟ್ಟದಲ್ಲಿ: ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಬೆಂಗಳೂರಿನಲ್ಲಿದೆ. ಹಿಂದೆ ವೃತ್ತಿ ಪುನರ್ವಸತಿ ಕೇಂದ್ರವೆಂದು ಪರಿಚಿತವಾಗಿದ್ದ ಇದು ವ್ಯಕ್ತಿಯ ವೃತ್ತಿ ಸಾಮರ್ಥ್ಯವನ್ನು ಅಳೆದು, ತರಬೇತಿ ಮತ್ತು ನೇಮಕಕ್ಕೆ ನೆರವಾಗುತ್ತದೆ. ಸ್ವಯಂಸೇವಾ ವಲಯದಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರಿಂದ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1997ರಲ್ಲಿ ಆರಂಭವಾದ ಸಮರ್ಥನಂ, 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಅವರು ಕಟ್ಟಿದ ಎನೇಬಲ್ ಇಂಡಿಯಾ ಮುಖ್ಯವಾದವು. ಎನೇಬಲ್ ಇಂಡಿಯಾದ ಕಾರ್ಯವಿಧಾನ ಈ ಪಾಠಕ್ಕೆ ವಿಶೇಷವಾಗಿ ಪ್ರಸ್ತುತ. ಅಭ್ಯರ್ಥಿಗೆ ತರಬೇತಿ ನೀಡುವುದರೊಡನೆ ಕೆಲಸದ ಸ್ಥಳಕ್ಕೆ ಹೋಗಿ ಅಲ್ಲಿನ ಕೆಲಸವನ್ನು ಅಭ್ಯಸಿಸುವುದು, ಪರಿಹಾರಗಳನ್ನು ಸೂಚಿಸುವುದು ಮತ್ತು ಸಹೋದ್ಯೋಗಿಗಳನ್ನು ಸಿದ್ಧಗೊಳಿಸುವುದು ಅದರ ಭಾಗವಾಗಿವೆ. ವಿಕಲಚೇತನರನ್ನೇ ಬಹುಸಂಖ್ಯೆಯಲ್ಲಿ ನೇಮಿಸಿಕೊಂಡು ವ್ಯಾಪಾರದಲ್ಲಿ ನೆಲೆನಿಂತ ಉದಾಹರಣೆಯಾಗಿ ಬೆಂಗಳೂರಿನಲ್ಲಿ 2006ರಲ್ಲಿ ಪವಿತ್ರಾ ವೈ.ಎಸ್. ಅವರು ಸ್ಥಾಪಿಸಿದ ವಿಂಧ್ಯಾ ಇ-ಇನ್ಫೋಮೀಡಿಯಾ ಸಂಸ್ಥೆಯನ್ನು ಉದ್ಯೋಗದಾತರಿಗೆ ತಿಳಿಸಬಹುದು.

5. ಹಣಕಾಸಿನ ಪ್ರೋತ್ಸಾಹ

ಖಾಸಗಿ ಉದ್ಯೋಗದಾತರಿಗಾಗಿ ಕೇಂದ್ರ ಸರ್ಕಾರವು 2008ರ ಏಪ್ರಿಲ್ 1ರಿಂದ ಒಂದು ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು. ವಿಕಲಚೇತನ ನೌಕರರ ಬಾಬ್ತು ಉದ್ಯೋಗದಾತರು ಕಟ್ಟಬೇಕಾದ ಭವಿಷ್ಯ ನಿಧಿ ಮತ್ತು ರಾಜ್ಯ ವಿಮೆಯ ವಂತಿಗೆಯನ್ನು ಸರ್ಕಾರವೇ ಭರಿಸುವುದು ಇದರ ತಿರುಳು. ಆರಂಭದಲ್ಲಿ ಮಾಸಿಕ 25,000 ರೂ. ವರೆಗಿನ ವೇತನಕ್ಕೆ, ಮೊದಲ 3 ವರ್ಷಗಳ ಅವಧಿಗೆ ಇದು ಅನ್ವಯವಾಗಿತ್ತು. ನಂತರ ಷರತ್ತುಗಳು ಪರಿಷ್ಕೃತವಾಗಿರುವುದರಿಂದ, ಉದ್ಯೋಗದಾತರಿಗೆ ಭರವಸೆ ನೀಡುವ ಮೊದಲು ಮೈಸೂರಿನ ಆ ಎರಡೂ ಕಚೇರಿಗಳಿಂದ ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಪಡೆದು ಓದಿಕೊಳ್ಳತಕ್ಕದ್ದು.

ಈ ಪ್ರೋತ್ಸಾಹದ ಮೌಲ್ಯವನ್ನು ಒಂದು ಲೆಕ್ಕದಿಂದ ಅರಿಯಬಹುದು. ಭವಿಷ್ಯ ನಿಧಿಗೆ ಉದ್ಯೋಗದಾತರ ವಂತಿಗೆ ಶೇ. 12, ರಾಜ್ಯ ವಿಮೆಗೆ 2019ರ ಜುಲೈ 1ರಿಂದ ಶೇ. 3.25. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ತಿಂಗಳಿಗೆ 14,000 ರೂ. ವೇತನಕ್ಕೆ ಒಬ್ಬರನ್ನು ನೇಮಿಸಿಕೊಂಡು, ಆ ಇಡೀ ಮೊತ್ತದ ಮೇಲೆ ವಂತಿಗೆ ಕಟ್ಟುವುದಾದರೆ ಭವಿಷ್ಯ ನಿಧಿಗೆ 1,680 ರೂ., ವಿಮೆಗೆ 455 ರೂ., ಒಟ್ಟು 2,135 ರೂ. ಆಗುತ್ತದೆ. ವರ್ಷಕ್ಕೆ 25,620 ರೂ.; ಮೂರು ವರ್ಷಕ್ಕೆ 76,860 ರೂ. ಒಂದು ಇಳಿಜಾರನ್ನೂ ಒಂದು ಶೌಚಾಲಯದ ಮಾರ್ಪಾಡನ್ನೂ ಮಾಡಿಸುವಾಗ ಈ ಮೊತ್ತ ಸಣ್ಣದೆನಿಸದು.

ಆದರೆ ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಭವಿಷ್ಯ ನಿಧಿ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ, ರಾಜ್ಯ ವಿಮೆ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ತಿ. ನರಸೀಪುರದ ಒಂದು ಗಿರಣಿಯಲ್ಲಿ 12 ಮಂದಿ ಇದ್ದರೆ ಅಲ್ಲಿ ವಿಮೆಯ ವಂತಿಗೆಯ ಪ್ರಶ್ನೆ ಮಾತ್ರ ಬರುತ್ತದೆ. 6 ಮಂದಿ ದುಡಿಯುವ ಅಂಗಡಿಯಲ್ಲಿ ಅದೂ ಇಲ್ಲ. ಎಂದರೆ, ಹಣದ ಪ್ರೋತ್ಸಾಹ ಮುಖ್ಯವಾಗಿ ದೊಡ್ಡ ಕಾರ್ಖಾನೆಗಳಿಗೆ ಒದಗುತ್ತದೆ. ಸಣ್ಣ ಉದ್ಯೋಗದಾತರಿಗೆ ಒದಗಿಸಬಹುದಾದದ್ದು ಮನುಷ್ಯರ ಬೆಂಬಲ. ನಂಜನಗೂಡು ಮತ್ತು ತಿ. ನರಸೀಪುರಗಳಲ್ಲಿ ಒಂದೇ ಕರಪತ್ರವನ್ನು ಹಂಚಿದರೆ ಸಾಲದೆಂಬುದಕ್ಕೆ ಇದೇ ಕಾರಣ.

ವಿಮೆಯ ವಿಷಯದಲ್ಲಿ ಇನ್ನೊಂದು ಅಂಶ ಗಮನಾರ್ಹ. ಸಾಮಾನ್ಯ ನೌಕರರಿಗೆ ವೇತನ ಮಿತಿ 21,000 ರೂ. ಆದರೆ ವಿಕಲಚೇತನ ನೌಕರರಿಗೆ 25,000 ರೂ. ಸ್ವತಃ ವಿಕಲಚೇತನರೇ ಉದ್ಯಮ ಆರಂಭಿಸಿ ಇತರರಿಗೆ ಕೆಲಸ ಕೊಡುವುದಾದರೆ, ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅವರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ಯೋಜನಾ ವೆಚ್ಚದ ಶೇ. 35, ನಗರ ಪ್ರದೇಶದಲ್ಲಿ ಶೇ. 25 ಸಹಾಯಧನವಿದ್ದು, ಸ್ವಂತ ವಂತಿಗೆ ಶೇ. 5 ಸಾಕು.

6. ಒಂದು ಸನ್ನಿವೇಶ

ಪಾಠದ ಸಲುವಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ತಿ. ನರಸೀಪುರ ತಾಲ್ಲೂಕಿನ ಒಂದು ಅಕ್ಕಿ ಗಿರಣಿಯಲ್ಲಿ 12 ಮಂದಿ ಕೆಲಸಗಾರರಿದ್ದಾರೆ. ಹತ್ತಿರದ ಗ್ರಾಮದ, ಹತ್ತನೆಯ ತರಗತಿ ಮುಗಿಸಿದ, ಹುಟ್ಟಿನಿಂದ ಕಿವಿ ಕೇಳದ 23 ವರ್ಷದ ಯುವಕನೊಬ್ಬನನ್ನು ಮಾಲೀಕರು ಚೀಲ ಹೊಲಿಯುವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮೊದಲ ಎರಡು ವಾರ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಮೂರನೆಯ ವಾರ ಸುಗ್ಗಿಯ ಒತ್ತಡದಿಂದ ಪಾಳಿಯ ವೇಳೆ ಬದಲಾಗುತ್ತದೆ. ಮೇಸ್ತ್ರಿ ಎಲ್ಲರಿಗೂ ಬಾಯಿಮಾತಿನಲ್ಲಿ ಹೇಳುತ್ತಾನೆ. ಯುವಕನಿಗೆ ಅದು ತಿಳಿಯುವುದಿಲ್ಲ; ಎರಡು ದಿನ ತಡವಾಗಿ ಬಂದು ಬೈಸಿಕೊಳ್ಳುತ್ತಾನೆ. ಬೈದದ್ದು ಏಕೆಂಬುದೂ ಅವನಿಗೆ ಸ್ಪಷ್ಟವಾಗುವುದಿಲ್ಲ. ಮರುವಾರ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಯ ಸದ್ದು ಕೇಳದೆ ಅವನು ಅದರ ದಾರಿಯಲ್ಲೇ ನಿಂತಿರುತ್ತಾನೆ. ಯಾರೋ ಎಳೆದುಕೊಂಡದ್ದರಿಂದ ಅಪಾಯ ತಪ್ಪುತ್ತದೆ. ಅಂದು ಸಂಜೆ ಮಾಲೀಕರು ಯುವಕನ ತಂದೆಯನ್ನು ಕರೆಸಿ, ಹುಡುಗ ಒಳ್ಳೆಯವನೇ ಆದರೂ ಏನಾದರೂ ಆದರೆ ತಮ್ಮ ತಲೆಯ ಮೇಲೆ ಬರುತ್ತದೆಂದು ಹೇಳಿ ಲೆಕ್ಕ ಚುಕ್ತಾ ಮಾಡುತ್ತಾರೆ.

ಇಲ್ಲಿ ಮಾಲೀಕರನ್ನು ದೂಷಿಸಿ ಪಾಠ ಮುಗಿಸಿದರೆ ಕಲಿಯುವುದು ಏನೂ ಉಳಿಯುವುದಿಲ್ಲ. ಅವರ ಭಯ ನಿಜವಾದದ್ದು. ಯುವಕನ ಕೆಲಸದಲ್ಲಿ ದೋಷವಿರಲಿಲ್ಲ ಎಂಬುದೂ ನಿಜ. ಕೊರತೆಯಿದ್ದದ್ದು ನಡುವೆ ನಿಲ್ಲಬೇಕಾದ ಮೂರನೆಯ ವ್ಯಕ್ತಿಯದು.

ಅದೇ ಸನ್ನಿವೇಶದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೇಮಕದ ಮುನ್ನಾದಿನವೇ ಗಿರಣಿಗೆ ಹೋಗಿದ್ದರೆ ನಡೆಯಬಹುದಾಗಿದ್ದ ಕಾರ್ಯಗಳು ಇವು: ಪಾಳಿಯ ವೇಳೆಯನ್ನು ಬಾಯಿಮಾತಿನ ಜೊತೆಗೆ ಕಪ್ಪುಹಲಗೆಯಲ್ಲಿ ಬರೆಯುವುದು; ಲಾರಿ ಬರುವ ದಾರಿಗೆ ಹಳದಿ ಗೆರೆ ಎಳೆದು, ಲಾರಿ ಚಲಿಸುವಾಗ ಬೆಳಗುವಂತೆ ಕಂಬದಲ್ಲಿ ಒಂದು ಕೆಂಪು ದೀಪ ಅಳವಡಿಸುವುದು; ‘ನಿಲ್ಲು’, ‘ಅಪಾಯ’, ‘ಬಾ’, ‘ಮುಗಿಯಿತು’, ‘ನಾಳೆ’ ಎಂಬ ಸನ್ನೆಗಳನ್ನು ಎಲ್ಲ ಕೆಲಸಗಾರರಿಗೂ ಕಲಿಸುವುದು; ಪಕ್ಕದ ಯಂತ್ರದ ಒಬ್ಬ ಕೆಲಸಗಾರನನ್ನು ಜೊತೆಗಾರನೆಂದು ಗೊತ್ತುಮಾಡುವುದು; ಮಾಲೀಕರಿಗೂ ಯುವಕನಿಗೂ ಸಂದೇಶ ಕಳುಹಿಸಲು ಒಂದು ಮೊಬೈಲ್ ಸಂಖ್ಯೆ ಕೊಡುವುದು. ಬಣ್ಣ, ದೀಪ, ತಂತಿ, ಹಲಗೆ ಇವಿಷ್ಟೇ ಖರ್ಚು. ಇವು ಆ ಯುವಕನಿಗೆ ಮಾತ್ರ ಉಪಯೋಗವಾಗುವುದಿಲ್ಲ. ಯಂತ್ರದ ಗದ್ದಲದಲ್ಲಿ ಲಾರಿಯ ಸದ್ದು ಕೇಳದ ಉಳಿದ 12 ಮಂದಿಗೂ ಆ ಕೆಂಪು ದೀಪ ರಕ್ಷಣೆಯಾಗುತ್ತದೆ.

7. ಅನ್ಯ ದೇಶಗಳ ಅನುಭವ

ಉದ್ಯೋಗದಾತರಿಗೆ ಹೊರಗಿನ ಬೆಂಬಲ ಬೇಕೆಂಬುದನ್ನು ಇತರ ದೇಶಗಳೂ ಕಂಡುಕೊಂಡಿವೆ. ಜರ್ಮನಿಯಲ್ಲಿ 20 ಅಥವಾ ಹೆಚ್ಚು ಕೆಲಸದ ಸ್ಥಾನಗಳಿರುವ ಉದ್ಯೋಗದಾತರು ಶೇ. 5ರಷ್ಟನ್ನು ತೀವ್ರ ವೈಕಲ್ಯವುಳ್ಳವರಿಗೆ ನೀಡಬೇಕು. ನೀಡದವರು ಪರಿಹಾರ ಶುಲ್ಕ ಕಟ್ಟಬೇಕು. ಆ ಶುಲ್ಕದ ಹಣವನ್ನೇ ನೇಮಿಸಿಕೊಂಡವರ ನೆರವಿಗೆ ಬಳಸಲಾಗುತ್ತದೆ. ಬ್ರಿಟನ್ನಿನಲ್ಲಿ 1994ರಿಂದ ನಡೆಯುತ್ತಿರುವ ಒಂದು ಯೋಜನೆಯಡಿ ಸಾಧನ, ಪ್ರಯಾಣ, ಸನ್ನೆ ಭಾಷಾಂತರಕಾರರ ಹೆಚ್ಚುವರಿ ವೆಚ್ಚಕ್ಕೆ ಸರ್ಕಾರ ನೆರವಾಗುತ್ತದೆ. ಅಮೆರಿಕದಲ್ಲಿ 1983ರಿಂದ ಉದ್ಯೋಗದಾತರಿಗೆ ಉಚಿತ ಸಲಹೆ ನೀಡುವ ಸೇವೆಯೊಂದಿದೆ. ಅದರ ಸಮೀಕ್ಷೆಗಳ ಪ್ರಕಾರ ಮಾಡಿದ ಮಾರ್ಪಾಡುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಯಾವ ಖರ್ಚೂ ಆಗುವುದಿಲ್ಲ. ಉಚಿತ ಸಲಹೆಗೆ ದೊಡ್ಡ ಬಂಡವಾಳ ಬೇಡ. ಅದನ್ನು ತಾಲ್ಲೂಕು ಮಟ್ಟದಲ್ಲಿಯೂ ಕೊಡಬಹುದು.

8. ಎಚ್ಚರ ವಹಿಸಬೇಕಾದ ಅಂಶಗಳು

ಕೆಲಸ ಸಿಕ್ಕರೆ ಪೋಷಣಾ ವೇತನ ನಿಲ್ಲುವುದೆಂಬ ಅಂಜಿಕೆ ಅನೇಕ ಕುಟುಂಬಗಳಲ್ಲಿರುತ್ತದೆ. ಪೋಷಣಾ ವೇತನಕ್ಕೆ ಆದಾಯ ಮಿತಿ ಇರುವುದರಿಂದ ಈ ಅಂಜಿಕೆ ಆಧಾರರಹಿತವಲ್ಲ. ನೇಮಕಕ್ಕೆ ಮೊದಲೇ ನಾಡಕಚೇರಿಯಲ್ಲಿ ವಿಚಾರಿಸಿ, ವೇತನ ಮತ್ತು ವಿಮೆಯ ಲಾಭಗಳನ್ನು ಎದುರಿಗಿಟ್ಟು ಕುಟುಂಬದವರಿಗೆ ವಿವರಿಸಬೇಕು. ಸತ್ಯವನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿಸಿದರೆ ಎರಡನೆಯ ತಿಂಗಳು ಅವರೇ ಬಿಡಿಸುತ್ತಾರೆ.

ಪ್ರಯಾಣದ ವೆಚ್ಚ ಮತ್ತು ಶ್ರಮ ಮತ್ತೊಂದು ತೊಡಕು. ಸಾರಿಗೆ ನಿಗಮದ ವಿಕಲಚೇತನರ ರಿಯಾಯಿತಿ ಪಾಸಿನಲ್ಲಿ ವಾಸಸ್ಥಳದಿಂದ 100 ಕಿ.ಮೀ. ವರೆಗೆ ಪ್ರಯಾಣಿಸಬಹುದು. ತಿ. ನರಸೀಪುರ, ನಂಜನಗೂಡು ಮತ್ತು ಮೈಸೂರು ಈ ಮಿತಿಯೊಳಗೇ ಇವೆ. ಪಾಳಿಯ ವೇಳೆಯನ್ನು ಬಸ್ಸಿನ ವೇಳೆಗೆ ಅರ್ಧ ಗಂಟೆ ಹೊಂದಿಸುವುದೂ ಯುಕ್ತ ಹೊಂದಾಣಿಕೆಯೇ.

ಬೆಂಬಲದ ಹೆಸರಿನಲ್ಲಿ ಕಡಿಮೆ ಕೂಲಿಗೆ ಒಪ್ಪಿಸಬಾರದು. ವೈಕಲ್ಯದ ವಿವರಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇತರರಿಗೆ ಹೇಳಬಾರದು. ಮಾನಸಿಕ ಅಸ್ವಸ್ಥತೆಯ ವಿಷಯದಲ್ಲಿ ಈ ಎಚ್ಚರ ಹೆಚ್ಚಾಗಿರಬೇಕು. ಸನ್ಮಾನ, ಭಾವಚಿತ್ರ, ಪ್ರಚಾರಗಳಿಗೆ ಮೊದಲ ದಿನವೇ ಆತುರಪಡುವುದೂ ತರವಲ್ಲ. ಆರು ತಿಂಗಳ ನಂತರವೂ ಆ ವ್ಯಕ್ತಿ ಅದೇ ಕೆಲಸದಲ್ಲಿದ್ದರೆ ಅದೇ ನಿಜವಾದ ಸಾಧನೆ.

9. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

(ಅ) ಪಂಚಾಯಿತಿ ವ್ಯಾಪ್ತಿಯ ಗಿರಣಿ, ಅಂಗಡಿ, ಘಟಕ ಮತ್ತು ಗುತ್ತಿಗೆದಾರರ ಪಟ್ಟಿಯನ್ನು ನೌಕರರ ಸಂಖ್ಯೆಯೊಡನೆ ಸಿದ್ಧಪಡಿಸುವುದು. 10 ಮತ್ತು 20ರ ಮಿತಿಗಳನ್ನು ಪಟ್ಟಿಯಲ್ಲಿ ಗುರುತಿಸುವುದು.

(ಆ) ದುಡಿಯುವ ಇಚ್ಛೆಯುಳ್ಳ ವಿಕಲಚೇತನರ ಪಟ್ಟಿಯನ್ನು ವೈಕಲ್ಯದ ಬಗೆಗಿಂತ ಮೊದಲು ಕೌಶಲದ ಅಂಕಣವಿರುವಂತೆ ತಯಾರಿಸುವುದು.

(ಇ) ಪ್ರತಿ ಉದ್ಯೋಗದಾತರಿಗೆ ಒಂದೇ ಪುಟದ ಮಾಹಿತಿ ಪತ್ರ ನೀಡುವುದು. ಅದರಲ್ಲಿ ಪುನರ್ವಸತಿ ಕಾರ್ಯಕರ್ತರ ಹೆಸರು ಮತ್ತು ಸಂಪರ್ಕ ಸಂಖ್ಯೆ ಮೊದಲ ಸಾಲಿನಲ್ಲಿರಬೇಕು.

(ಈ) ನೇಮಕದ ನಂತರ ಮೊದಲ ವಾರ, ಮೊದಲ, ಮೂರನೆಯ ಮತ್ತು ಆರನೆಯ ತಿಂಗಳ ಭೇಟಿಗಳನ್ನು ವಹಿಯಲ್ಲಿ ದಾಖಲಿಸುವುದು. ಕೆಲಸ ತಪ್ಪಿದಲ್ಲಿ ಕಾರಣವನ್ನು ಇಬ್ಬರಿಂದಲೂ ಕೇಳಿ ಬರೆಯುವುದು.

(ಉ) ವಿಕಲಚೇತನರಿಗಾಗಿ ಮೀಸಲಿಟ್ಟ ಪಂಚಾಯಿತಿ ಅನುದಾನದ ಕ್ರಿಯಾಯೋಜನೆ ಮಾಡುವಾಗ, ನಿಯಮಗಳು ಅನುಮತಿಸುವ ಮಟ್ಟಿಗೆ, ಕೆಲಸಕ್ಕೆ ಹೋಗುವವರ ಸಹಾಯಕ ಸಾಧನಗಳಿಗೆ ಆದ್ಯತೆ ನೀಡುವುದು.

ಉಪಸಂಹಾರ

ಉದ್ಯೋಗದಾತರು ಮುಖ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ನಾಳೆ ತೊಂದರೆಯಾದರೆ ಯಾರಿಗೆ ಹೇಳಬೇಕು?’ ಅಧಿನಿಯಮ, ಯೋಜನೆ ಮತ್ತು ಸಂಸ್ಥೆಗಳು ಹಲವಿದ್ದರೂ ಈ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಉತ್ತರ ಸಿಗದಿದ್ದರೆ ಅವೆಲ್ಲವೂ ದೂರದಲ್ಲಿಯೇ ಉಳಿಯುತ್ತವೆ. ಆ ಹೆಸರನ್ನು ಒದಗಿಸುವುದು ಮತ್ತು ಕರೆ ಬಂದಾಗ ಹೋಗುವುದು ಗ್ರಾಮ ಪಂಚಾಯಿತಿ ಮಾಡಬಹುದಾದ ಮೊದಲ ಕೆಲಸವಾಗಿದೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿ ವ್ಯಾಪ್ತಿಯ ಒಂದು ಗಿರಣಿ ಅಥವಾ ಅಂಗಡಿಯ ಕೆಲಸವನ್ನು ಬಿಡಿ ಹಂತಗಳಾಗಿ ಬರೆದು, ಪ್ರತಿ ಹಂತಕ್ಕೂ ಯಾರು ಹೊಂದಬಲ್ಲರು ಎಂಬುದನ್ನು ಗುರುತಿಸಿರಿ.

2. ಆರನೆಯ ಭಾಗದ ಸನ್ನಿವೇಶದಲ್ಲಿ ಯುವಕನ ಬದಲಿಗೆ ದೃಷ್ಟಿದೋಷವುಳ್ಳ ಯುವತಿ ಇದ್ದಿದ್ದರೆ ಯಾವ ಮಾರ್ಪಾಡುಗಳು ಬೇಕಾಗುತ್ತಿದ್ದವು?

3. 6 ಮಂದಿ ದುಡಿಯುವ ಅಂಗಡಿಯ ಮಾಲೀಕರಿಗೆ ಹಣದ ಪ್ರೋತ್ಸಾಹವಿಲ್ಲದೆ ನೀಡಬಹುದಾದ ಬೆಂಬಲಗಳನ್ನು ಪಟ್ಟಿಮಾಡಿರಿ.

4. ಕಳೆದ ಎರಡು ವರ್ಷಗಳಲ್ಲಿ ತಮ್ಮ ಗ್ರಾಮದಲ್ಲಿ ಕೆಲಸಕ್ಕೆ ಸೇರಿ ಬಿಟ್ಟ ವಿಕಲಚೇತನರಿದ್ದರೆ, ಅವರು ಬಿಟ್ಟದ್ದು ಎಷ್ಟನೆಯ ತಿಂಗಳಲ್ಲಿ, ಯಾವ ಕಾರಣಕ್ಕೆ ಎಂಬುದನ್ನು ಅವರಿಂದಲೇ ಕೇಳಿ ತಿಳಿದು, ಹೆಸರು ಹೇಳದೆ ಸಭೆಯಲ್ಲಿ ಮಂಡಿಸಿರಿ.